ಕೋರ್ಟು ಕೇಳದ ಪ್ರಶ್ನೆ

ಪುಟ್ಟೀ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅಳಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಆಫೀಸಿನ ಮೀಟಿಂಗಿನಲ್ಲಿ ಮಾತಾಡುವವಳ ಹಾಗೆ ಒಂದೇ ದನಿಯಲ್ಲಿ, ‘ಮಾವ, ವಕೀಲರನ್ನು ನೋಡಿದ್ದೀನಿ. ಸೋಮವಾರ ವಕಾಲತ್ತಿಗೆ ಸಹಿ ಹಾಕ್ತೀನಿ. ಅಪ್ಪನ ವಿಲ್ ಕಳಿಸಿದ್ದೀನಿ, ಒಂದು ಸಲ ನೋಡಿ’ ಅಂದೆ. ನಾಲ್ಕು ಪುಟ ಫೋನಿಗೆ ಬಂದು ಬಿತ್ತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಬೆಳಿಗ್ಗೆ ಎದ್ದು ಮೂರನೇ ಸಲ ಓದಿದೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ.

ಆನೇಕಲ್ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ನಲವತ್ತು ವರ್ಷ ಪತ್ರ ಬರೆದು ಹೊಟ್ಟೆ ಹೊರೆದವನು ನಾನು. ಕ್ರಯಪತ್ರ, ಭೋಗ್ಯ, ಪಾರಿಕತ್ತು, ದಾನಪತ್ರ, ವಿಲ್ಲು. ಎಷ್ಟು ಬರೆದೆನೋ ಲೆಕ್ಕವಿಲ್ಲ. ಹಾಗಾಗಿ ಮೊದಲು ಪತ್ರ ಬರಹಗಾರನಾಗಿ ಹೇಳುತ್ತೇನೆ, ಆಮೇಲೆ ಸೋದರಮಾವನಾಗಿ.

ಪತ್ರ ಬರಹಗಾರ ಹೇಳುವುದು ಇಷ್ಟು: ನಿಮ್ಮಪ್ಪನ ವಿಲ್ಲು ನಿಲ್ಲುತ್ತದೆ. ಒಂದು ಕಡೆ ಬಿಟ್ಟು. ಆ ಒಂದು ಕಡೆಯ ಬಗ್ಗೆ ಆಮೇಲೆ ಹೇಳುತ್ತೇನೆ, ಯಾಕೆಂದರೆ ನಿನ್ನ ವಕೀಲರೂ ಅದನ್ನು ಹೇಳಿದ ಹಾಗಿಲ್ಲ, ನೀನೂ ಕೇಳಿದ ಹಾಗಿಲ್ಲ.

ಸಹಿ ಅವರದೇ. ಕೊನೆಯ ಅಕ್ಷರಕ್ಕೆ ಬಾಲ ಎಳೆದು ಕೆಳಗೊಂದು ಗೆರೆ ಹಾಕುವುದು ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದಾಗಿನಿಂದ ಇದ್ದ ಅಭ್ಯಾಸ. ಪ್ರತಿ ಪುಟಕ್ಕೂ ಹಾಕಿದ್ದಾರೆ. ಇಬ್ಬರು ಸಾಕ್ಷಿಗಳಿದ್ದಾರೆ, ಇಬ್ಬರಿಗೂ ಈ ಆಸ್ತಿಯಲ್ಲಿ ಕವಡೆ ಕಾಸಿನ ಲಾಭವಿಲ್ಲ. ನೋಂದಣಿಯೂ ಆಗಿದೆ. ನೋಂದಣಿ ಕಡ್ಡಾಯವೇನಲ್ಲ, ಬಿಳಿ ಹಾಳೆಯ ಮೇಲೆ ಬರೆದು ಇಬ್ಬರ ಮುಂದೆ ಸಹಿ ಹಾಕಿದ ವಿಲ್ಲೂ ವಿಲ್ಲೇ, ಛಾಪಾ ಕಾಗದವೂ ಬೇಡ. ನೋಂದಣಿ ಆದ ಮಾತ್ರಕ್ಕೆ ಅದು ಕೋರ್ಟಿನಲ್ಲಿ ತಾನಾಗಿಯೇ ಸಾಬೀತಾಗುವುದೂ ಇಲ್ಲ. ಆದರೆ ನಿಮ್ಮಪ್ಪ ತಮ್ಮ ಕಾಲ ಮೇಲೆ ನಡೆದು ಹೋಗಿ, ಅಧಿಕಾರಿಯ ಮುಂದೆ ಕೂತು, ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡಿದ್ದಾರೆ. ಆ ಫೋಟೋ ನೋಡಿದೆಯಾ? ಇಸ್ತ್ರಿ ಹಾಕಿದ ಷರ್ಟು. ಕೂದಲು ಬಾಚಿಕೊಂಡಿದ್ದಾರೆ. ಅದು ಯಾರೋ ಎಳೆದುಕೊಂಡು ಹೋದ ಮನುಷ್ಯನ ಮುಖವಲ್ಲ.

ಅಮ್ಮನಿಗೆ ದಾಸರಹಳ್ಳಿ ಮನೆಯಲ್ಲಿ ಜೀವ ಇರುವ ತನಕ ವಾಸದ ಹಕ್ಕು. ಆಮೇಲೆ ಮನೆ ನಿನ್ನಣ್ಣನಿಗೆ. ಪೀಣ್ಯದ ಶೆಡ್ಡು, ಮೆಷಿನ್ನು ನಿನ್ನಣ್ಣನಿಗೆ. ಮಾಗಡಿ ಕಡೆಯ 1 ಎಕರೆ 10 ಗುಂಟೆ ನಿನ್ನಣ್ಣನಿಗೆ. ನಾಲ್ಕು ಪುಟದಲ್ಲಿ ನಿನ್ನ ಹೆಸರು ಒಂದೇ ಸಲ ಬಂದಿದೆ, ಅದೂ ಕೊಡುವ ಕಡೆಯಲ್ಲ, ಕೊಡದೇ ಇರುವುದಕ್ಕೆ ಕಾರಣ ಹೇಳುವ ಕಡೆ. ‘ಮಗಳಿಗೆ ಎಂಜಿನಿಯರಿಂಗ್ ಓದಿಸಿ, ವಿಜೃಂಭಣೆಯಿಂದ ಮದುವೆ ಮಾಡಿಕೊಟ್ಟಿರುತ್ತೇನೆ.’ ಈ ವಾಕ್ಯವನ್ನು ನಾನೇ ನೂರಾರು ವಿಲ್ಲುಗಳಲ್ಲಿ ಬರೆದಿದ್ದೇನೆ. ಕೈ ಕಣ್ಣು ಮುಚ್ಚಿಕೊಂಡು ಬರೆಯುತ್ತಿತ್ತು. ನಿನ್ನೆ ಓದುವಾಗ ಮೊದಲ ಸಲ ಅದರಲ್ಲಿ ಒಬ್ಬ ಹುಡುಗಿ ಕಾಣಿಸಿದಳು.

ಈಗ ನಿನಗೆ ಬೇಕಾದ್ದನ್ನು ಹೇಳುತ್ತೇನೆ. ವಿಲ್ಲಿನ ಕೇಸಿನಲ್ಲಿ ಕೋರ್ಟು ಕೇಳುವ ಪ್ರಶ್ನೆಗಳು ಕೆಲವೇ. ಬರೆದವರು ಸಹಿ ಹಾಕಿದರಾ? ಇಬ್ಬರು ಸಾಕ್ಷಿಗಳು ಅದನ್ನು ಕಂಡು ಅವರ ಎದುರಿಗೇ ಸಹಿ ಹಾಕಿದರಾ? ಆಗ ಬುದ್ಧಿ ಸ್ವಾಧೀನದಲ್ಲಿತ್ತಾ? ಏನು ಬರೆದಿದೆ ಅಂತ ತಿಳಿದಿತ್ತಾ? ಯಾರಾದರೂ ಹೆದರಿಸಿ, ಮೋಸ ಮಾಡಿ ಬರೆಸಿಕೊಂಡರಾ? ಬರೆದ ಸ್ವತ್ತು ಅವರು ಬರೆದುಕೊಡಬಹುದಾದ ಸ್ವತ್ತೇನಾ? ಮುಗಿಯಿತು. ‘ಮಗಳಿಗೆ ಯಾಕೆ ಏನೂ ಕೊಡಲಿಲ್ಲ, ಇದು ಸರಿಯಾ’ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಒಬ್ಬ ಮನುಷ್ಯ ತಾನು ದುಡಿದ ಸ್ವತ್ತನ್ನು ಮಕ್ಕಳನ್ನೆಲ್ಲ ಬಿಟ್ಟು ಊರಿನ ದೇವಸ್ಥಾನಕ್ಕೆ ಬರೆದರೂ ಕಾನೂನು ತಡೆಯುವುದಿಲ್ಲ. ಅಸಿಂಧು ಬೇರೆ, ಅನ್ಯಾಯ ಬೇರೆ. ಕೋರ್ಟು ತೂಗುವುದು ಮೊದಲನೆಯದನ್ನು. ನೀನು ಹೊತ್ತುಕೊಂಡು ಹೋಗುತ್ತಿರುವುದು ಎರಡನೆಯದನ್ನು.

ಹಾಗಂತ ಕೋರ್ಟಿಗೆ ಹೋಗುವ ಹೆಣ್ಣುಮಕ್ಕಳನ್ನು ನಾನು ಹಳಿಯುತ್ತಿಲ್ಲ. ಅನುಮಾನ ಹುಟ್ಟಿಸುವ ವಿಲ್ಲುಗಳ ಬಗ್ಗೆ ಹೆಸರಾದ ತೀರ್ಪು ಹುಟ್ಟಿದ್ದೇ ನಮ್ಮ ಮೈಸೂರು ಸೀಮೆಯ ಒಂದು ಮನೆಯ ಜಗಳದಲ್ಲಿ. ಲಕ್ಷ್ಮಮ್ಮ ಅನ್ನುವ ಹೆಂಗಸು 1945ರಲ್ಲಿ ಮಾಡಿದಳು ಎನ್ನಲಾದ ವಿಲ್ಲು. ಅದನ್ನು ಜಾರಿ ಮಾಡಬೇಕಾದ ವೆಂಕಟಾಚಲ ಅಯ್ಯಂಗಾರ್ ಅನ್ನುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರು, ಅವರ ಮಕ್ಕಳಿಗೇ ಅದರಲ್ಲಿ ದೊಡ್ಡ ಲಾಭವಿತ್ತು. ಎದುರು ನಿಂತವರು ತಿಮ್ಮಾಜಮ್ಮ. ಕೆಳಗಿನ ಕೋರ್ಟು ವಿಲ್ ಸರಿ ಅಂದಿತು, ಮೈಸೂರು ಹೈಕೋರ್ಟು ಅಲ್ಲ ಅಂದಿತು, 1958ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಗಜೇಂದ್ರಗಡಕರ್ ಹೈಕೋರ್ಟಿನ ಮಾತನ್ನೇ ಎತ್ತಿಹಿಡಿದರು. ಇವತ್ತಿಗೂ ದೇಶದ ಯಾವ ಮೂಲೆಯಲ್ಲಿ ವಿಲ್ಲಿನ ಕೇಸು ನಡೆದರೂ ವಕೀಲರು ಆ ತೀರ್ಪನ್ನು ತೆಗೆಯುತ್ತಾರೆ. ಅದರ ತಿರುಳು ಇದು: ಬೇರೆ ಪತ್ರಗಳಲ್ಲಿ ಬರೆದುಕೊಟ್ಟವನನ್ನು ಕರೆದು ಕೇಳಬಹುದು, ವಿಲ್ಲಿನಲ್ಲಿ ಆತ ಸತ್ತಿರುತ್ತಾನೆ. ಆದ್ದರಿಂದ ಅನುಮಾನ ಹುಟ್ಟಿಸುವ ಸಂಗತಿ ಇದ್ದರೆ ಅದನ್ನು ಬಗೆಹರಿಸುವ ಹೊಣೆ ವಿಲ್ಲು ಹಿಡಿದುಕೊಂಡು ಬಂದವನದು. ಸಹಿ ನಡುಗಿದೆ, ಮನುಷ್ಯ ಐಸಿಯುನಲ್ಲಿದ್ದ, ಲಾಭ ಪಡೆದವನೇ ಗಾಡಿ ಮಾಡಿಕೊಂಡು ಕರೆದೊಯ್ದ, ಸಾಕ್ಷಿಗಳಿಬ್ಬರೂ ಅವನ ಗೆಳೆಯರು, ಸಾವಿನ ಆರು ತಿಂಗಳ ಮೇಲೆ ವಿಲ್ಲು ಬೀರುವಿನಿಂದ ಎದ್ದು ಬಂತು. ಇಂಥದ್ದಿದ್ದರೆ ನಾನೇ ನಿನ್ನ ಫೈಲು ಹಿಡಿದುಕೊಂಡು ಕೆಂಪೇಗೌಡ ರಸ್ತೆಯ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದೆ. ನಿಮ್ಮಪ್ಪನ ವಿಲ್ಲಿನಲ್ಲಿ ಇಂಥದ್ದು ಒಂದೂ ಇಲ್ಲ. ಇಲ್ಲದ್ದನ್ನು ಇದೆ ಅನ್ನಬೇಕಾಗುತ್ತದೆ. ‘ಅಪ್ಪನಿಗೆ ಮರೆವಿತ್ತು, ಬುದ್ಧಿ ಸ್ಥಿಮಿತದಲ್ಲಿರಲಿಲ್ಲ’ ಅಂತ ದಾವೆಯಲ್ಲಿ ಬರೆಯಬೇಕಾಗುತ್ತದೆ. ವಕೀಲರು ಬರೆದುಕೊಂಡು ಬರುತ್ತಾರೆ, ಸಹಿ ಹಾಕಬೇಕಾದವಳು ನೀನು. ಸಾಯುವ ಮುಂಚಿನ ತಿಂಗಳೂ ಮೈಕ್ರೋಮೀಟರ್ ಹಿಡಿದು ‘ಎರಡು ಮೈಕ್ರಾನ್ ಹೆಚ್ಚಿದೆ, ವಾಪಸ್ ಹಾಕು’ ಅಂತ ಹುಡುಗರನ್ನು ಬೈಯುತ್ತಿದ್ದ ಮನುಷ್ಯ ಅವರು.

ಸಾಕ್ಷಿ ಕಟ್ಟೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಒಂದು ಸಲ ಹತ್ತಿದ್ದೇನೆ. ಹೆಬ್ಬಗೋಡಿ ಕಡೆಯ ಒಬ್ಬ ಮುದುಕಿಯ ವಿಲ್ಲು, 1996ರದು. ಪತ್ರ ಬರೆದವನ ಸಹಿ ಬೇರೆ, ಸಾಕ್ಷಿಯ ಸಹಿ ಬೇರೆ. ಆದರೆ ಆವತ್ತು ಎರಡನೇ ಸಾಕ್ಷಿ ಬಾರದೆ, ಹೊತ್ತಾಯಿತು ಅಂತ ನಾನೇ ಸಾಕ್ಷಿಯ ಜಾಗದಲ್ಲೂ ಸಹಿ ಎಳೆದಿದ್ದೆ. ಹದಿಮೂರು ವರ್ಷ ಆದಮೇಲೆ ಸಮನ್ಸು ಬಂತು. ಇನ್ನೊಬ್ಬ ಸಾಕ್ಷಿ ತೀರಿಹೋಗಿದ್ದ. ವಿಲ್ಲು ಸಾಬೀತಾಗಬೇಕಾದರೆ ಕಡೇಪಕ್ಷ ಒಬ್ಬ ಸಾಕ್ಷಿಯಾದರೂ ಬಂದು ಹೇಳಬೇಕು, ಉಳಿದವನು ನಾನೊಬ್ಬನೇ. ಪಾಟೀಸವಾಲಿನಲ್ಲಿ ಎದುರು ವಕೀಲ ಕೇಳಿದ: ಮುದುಕಿ ಮೊದಲು ಸಹಿ ಹಾಕಿದಳಾ, ನೀವು ಮೊದಲಾ? ಇಂಕು ನೀಲಿಯಾ, ಕಪ್ಪಾ? ಅವಳು ಕೂತಿದ್ದಳಾ, ನಿಂತಿದ್ದಳಾ? ವಾರಕ್ಕೆ ಇಪ್ಪತ್ತು ಪತ್ರ ಬರೆಯುವವನಿಗೆ ಹದಿಮೂರು ವರ್ಷದ ಹಿಂದಿನ ಇಂಕಿನ ಬಣ್ಣ ಎಲ್ಲಿ ನೆನಪಿರಬೇಕು! ತೊದಲಿದೆ. ಕೆಳಗಡೆ ಬೆಂಚಿನಲ್ಲಿ ಅವಳ ಮೂವರು ಮಕ್ಕಳು ಕೂತು ನನ್ನ ಬಾಯನ್ನೇ ನೋಡುತ್ತಿದ್ದರು, ಇಬ್ಬರು ಗಂಡು, ಒಬ್ಬಳು ಹೆಣ್ಣು.

ಮಧ್ಯಾಹ್ನ ಹೊರಗೆ ಟೀ ಅಂಗಡಿಯಲ್ಲಿ ಇದ್ದೆ. ಆ ಇಬ್ಬರು ಅಣ್ಣತಮ್ಮಂದಿರೂ ಬಂದರು, ಬೇರೆ ಬೇರೆಯಾಗಿ. ಕಿರಿಯವನು ಕಾಸು ಕೊಡುವಾಗ ಅಭ್ಯಾಸಬಲದಿಂದ ‘ಎರಡು’ ಅಂದುಬಿಟ್ಟ. ಅಣ್ಣನದೂ ಸೇರಿಸಿ. ಆಮೇಲೆ ನೆನಪಾಗಿ ಕೈ ಹಿಂದೆಗೆದು ‘ಅಲ್ಲ, ಒಂದು’ ಅಂದ. ಅಂಗಡಿಯವನು ಚಿಲ್ಲರೆ ಎಣಿಸುತ್ತಾ ನಿಂತಿದ್ದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆ ಕೇಸು ಮೇಲಿನ ಕೋರ್ಟಿಗೂ ಹೋಯಿತು. ನಡುವೆ ಹಿರಿಯವನು ಸತ್ತ, ಅವನ ಹೆಂಡತಿ ಮಕ್ಕಳನ್ನು ವಾರಸುದಾರರೆಂದು ರೆಕಾರ್ಡಿಗೆ ತಂದರು. ಜಮೀನಿನಲ್ಲಿ ಒಂದು ಭಾಗ ರಸ್ತೆಗೆ ಹೋಯಿತು. ಹಕ್ಕು ಯಾರದೆಂದು ತೀರ್ಮಾನವಾಗದ ಜಮೀನಿನ ಪರಿಹಾರ ಯಾರ ಕೈಗೂ ಬರುವುದಿಲ್ಲ, ಕೋರ್ಟಿನಲ್ಲಿ ಠೇವಣಿಯಾಗಿ ಕೂರುತ್ತದೆ. ಇವರದೂ ಕೂತಿತು. ಅಷ್ಟು ಹೊತ್ತಿಗೆ ಸುತ್ತ ಅಪಾರ್ಟ್‌ಮೆಂಟು ಎದ್ದಿದ್ದವು, ಇವರ ತುಂಡಿನಲ್ಲಿ ಮಾತ್ರ ಎಕ್ಕದ ಗಿಡ, ಮುರಿದ ಕಾಂಪೌಂಡು, ಅದರ ಮೇಲೆ ಕೆಂಪು ಪೇಂಟಿನಲ್ಲಿ ‘ಈ ಸ್ವತ್ತು ವ್ಯಾಜ್ಯದಲ್ಲಿದೆ’ ಅಂತ, ಕೆಳಗೆ ದಾವೆಯ ಓ.ಎಸ್. ನಂಬರು. ನಿಮ್ಮ ವೈಟ್‌ಫೀಲ್ಡ್ ಕಡೆಯೂ ಇಂಥ ಗೋಡೆ ಬೇಕಾದಷ್ಟಿವೆ. ಕ್ಯಾಬಿನಲ್ಲಿ ಹೋಗುವಾಗ ಫೋನಿನಿಂದ ತಲೆ ಎತ್ತಿ ನೋಡು.

ಇನ್ನೊಂದು ಮಾತು. ಈ ಜಗಳಗಳು ನಮ್ಮ ಕಡೆ ಮೊದಲಿನಿಂದ ಇದ್ದವಲ್ಲ. ಎಪ್ಪತ್ತರ ದಶಕದ ಕೊನೆಗೆ ಸರ್ಕಾರಿ ಕಂಪನಿ ಕಿಯೋನಿಕ್ಸ್‌ನ ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡುತ್ತೇವೆ ಅಂದಾಗ ನಾವು ನಕ್ಕಿದ್ದೆವು. ರಾಗಿ ಹೊಲ, ನೀಲಗಿರಿ ತೋಪು. ಆಗ ಅಣ್ಣತಮ್ಮಂದಿರು ಭಾಗವಾಗುವಾಗ ‘ಆ ಕಲ್ಲುಭೂಮಿ ನೀನೇ ಇಟ್ಟುಕೋ’ ಅಂತ ಒಬ್ಬರಿಗೊಬ್ಬರು ದೂಡುತ್ತಿದ್ದರು. ನಾನು ಬರೆದ ಮೊದಮೊದಲ ಪಾರಿಕತ್ತುಗಳಲ್ಲಿ ಬಾವಿಗೆ, ಹುಣಸೆಮರಕ್ಕೆ, ಜೋಡೆತ್ತಿಗೆ ವಾದವಾಗುತ್ತಿತ್ತೇ ಹೊರತು ಗುಂಟೆಗಲ್ಲ. ಗುಂಟೆಯ ಬೆಲೆ ಚದರಡಿಗೆ ಇಳಿದ ಮೇಲೆ ಅದೇ ಮನೆಗಳವರು ಹುಸ್ಕೂರು ಮದ್ದೂರಮ್ಮನ ಜಾತ್ರೆಗೆ ಬೇರೆ ಬೇರೆ ದಾರಿಯಲ್ಲಿ ಬರಲು ಶುರುಮಾಡಿದರು. ಜನ ಕೆಟ್ಟರು ಅನ್ನುವವರ ಜೊತೆ ನಾನು ಸೇರುವುದಿಲ್ಲ. ಕಲ್ಲುಭೂಮಿಯಲ್ಲಿ ತೋರಿದ ಉದಾರತನಕ್ಕೆ ಖರ್ಚು ಕಡಿಮೆ ಇತ್ತು, ಅಷ್ಟೇ.

ಈಗ ಆ ಒಂದು ಕಡೆ.

ಮಾಗಡಿಯ 1 ಎಕರೆ 10 ಗುಂಟೆ. ಅದು ನಿಮ್ಮಪ್ಪ ಕೊಂಡದ್ದಲ್ಲ. ನಿಮ್ಮ ಮುತ್ತಜ್ಜನ ಕಾಲದಿಂದ ಬಂದದ್ದು. ನಿಮ್ಮಪ್ಪ, ಚಿಕ್ಕಪ್ಪ ಪಾರಿಕತ್ತು ಮಾಡಿಕೊಂಡಾಗ ನಿಮ್ಮಪ್ಪನ ಭಾಗಕ್ಕೆ ಬಂತು. ಪಿತ್ರಾರ್ಜಿತ. ಪಿತ್ರಾರ್ಜಿತದಲ್ಲಿ ಅಪ್ಪ ವಿಲ್ಲು ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ, ಮಕ್ಕಳ ಪಾಲಿಗಲ್ಲ. ಮಕ್ಕಳು ಅಂದರೆ ಈಗ ಹೆಣ್ಣುಮಕ್ಕಳೂ ಸೇರಿ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಮಗಳಿಗೂ ಮಗನ ಹಾಗೇ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಅನ್ನುವುದಕ್ಕೆ ವರ್ಷಾನುಗಟ್ಟಲೆ ತಕರಾರಾಗಿ, ಆ ತಕರಾರಿನ ಎರಡು ದೊಡ್ಡ ಕೇಸು, ಫೂಲವತಿಯದು, ದಾನಮ್ಮನದು, ನಮ್ಮ ಕರ್ನಾಟಕದಿಂದಲೇ ಹೋಗಿ, ಕೊನೆಗೆ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು ಬೇಕಿಲ್ಲ ಅಂತ ಹೇಳಿ ಮುಗಿಸಿತು. ನಿನ್ನ ವಿಷಯದಲ್ಲಿ ಆ ತಕರಾರೇ ಇಲ್ಲ, ನಿಮ್ಮಪ್ಪ ಹೋದದ್ದು ಹೋದ ವರ್ಷ. ಹಳೆಯ ಪಹಣಿ, ಪಾರಿಕತ್ತು ತೆಗೆಸಿ ವಕೀಲರಿಗೆ ತೋರಿಸು. ಕಾಗದ ನಾನು ಹೇಳಿದ ಹಾಗೇ ಇದ್ದರೆ, ಆ ಜಮೀನನ್ನು ಪೂರ್ತಿ ಮಗನಿಗೆ ಬರೆದದ್ದು ನಿನ್ನ ಪಾಲಿನ ಮಟ್ಟಿಗೆ ನಿಲ್ಲುವುದಿಲ್ಲ.

ನಗಬೇಡ. ಗೊತ್ತು, ನೀನು ಹೊರಟದ್ದು ಪೀಣ್ಯದ ಶೆಡ್ಡಿಗೆ. ಮಾಗಡಿಯ ಹುರುಳಿ ಹೊಲಕ್ಕಲ್ಲ. ಕೇಳುತ್ತಿರುವ ಕಡೆ ನಿನಗೆ ಹಕ್ಕಿಲ್ಲ, ಹಕ್ಕಿರುವ ಕಡೆ ನೀನು ಕೇಳುತ್ತಿಲ್ಲ. ವಿಲ್ಲೇ ಇಲ್ಲದಿದ್ದರೆ ಅಮ್ಮ, ಅಣ್ಣ, ನೀನು, ಮೂವರಿಗೂ ಅಪ್ಪ ದುಡಿದದ್ದರಲ್ಲೆಲ್ಲ ಸಮಪಾಲು ಬರುತ್ತಿತ್ತು, ಒಪ್ಪುತ್ತೇನೆ. ಇಲ್ಲಿ ವಿಲ್ಲು ಇದೆ.

ಆ ಶೆಡ್ಡನ್ನೂ ಒಂದು ಸಲ ಸರಿಯಾಗಿ ನೋಡು. ನಿನ್ನ ಕಣ್ಣಿಗೆ ಅದು ಪೀಣ್ಯ ಎರಡನೇ ಹಂತದ ಜಾಗ, ಇಷ್ಟು ಕೋಟಿ. ನಿನ್ನಣ್ಣನ ಕಣ್ಣಿಗೆ ಹದಿನಾಲ್ಕು ಜನರ ಸಂಬಳ, ಬ್ಯಾಂಕಿನ ಓವರ್‌ಡ್ರಾಫ್ಟ್, ಅಡವಿಟ್ಟ ಎರಡು ವಿಎಂಸಿ ಮೆಷಿನ್ನು, ತೊಂಬತ್ತು ದಿನವಾದರೂ ದುಡ್ಡು ಕೊಡದ ದೊಡ್ಡ ಕಂಪನಿ. ಕೋವಿಡ್ಡಿನಲ್ಲಿ ಜಾಬ್ ವರ್ಕ್ ನಿಂತು, ಬಿಹಾರದ ಹುಡುಗರು ಊರಿಗೆ ಹೋಗಿ, ಅವನೂ ಅಪ್ಪನೂ ಇಬ್ಬರೇ ಲೇತಿನ ಮುಂದೆ ನಿಂತಿದ್ದನ್ನು ನಾನು ನೋಡಿದ್ದೇನೆ. ಪಾಲು ಕೇಳುವವಳು ಸಾಲದ ಪಾಲನ್ನೂ ಕೇಳಬೇಕು. ಆಸ್ತಿಯ ಜೊತೆ ಅದರ ಸಾಲವೂ ಬರುತ್ತದೆ. ಜಾಗದ ಕ್ರಯಪತ್ರ ಆಗಿದೆಯೋ, ಇನ್ನೂ ಲೀಸ್-ಕಂ-ಸೇಲಿನಲ್ಲೇ ಇದೆಯೋ ಅದನ್ನೂ ವಿಚಾರಿಸು. ನೀನು ತಡೆಯಾಜ್ಞೆ ತಂದೆ ಅಂತಿಟ್ಟುಕೋ. ಮಾರಲು ಬರುವುದಿಲ್ಲ, ಸರಿ, ಹಾಗೇ ಬ್ಯಾಂಕಿನವರು ಮುಂದಿನ ವರ್ಷದ ಓವರ್‌ಡ್ರಾಫ್ಟ್ ನವೀಕರಿಸಲು ಹಿಂದೆಮುಂದೆ ನೋಡುತ್ತಾರೆ. ಕೇಸು ಗೆಲ್ಲುವ ಹೊತ್ತಿಗೆ ನಿನಗೆ ಸಿಗುವುದು ಬೀಗ ಹಾಕಿದ ಬಾಗಿಲ ಪಾಲು.

ಇದನ್ನು ಅವನ ಪರವಾಗಿ ಹೇಳುತ್ತಿಲ್ಲ. ಅವನಿಗೂ ಹೇಳುವುದಿದೆ. ವಿಲ್ಲಿನಲ್ಲಿ ಎಲ್ಲ ನನಗೆ ಬಂತು ಅಂತ ಕೈಕಟ್ಟಿ ಕೂತವನಿಗೆ ಅಪ್ಪ ಕೊಟ್ಟದ್ದು ಆಸ್ತಿ ಮಾತ್ರ ಅಲ್ಲ, ತಂಗಿಯ ಮುಖ ನೋಡುವ ಕಷ್ಟವನ್ನೂ ಕೊಟ್ಟು ಹೋಗಿದ್ದಾರೆ. ಅವನು ಮನಸ್ಸು ಮಾಡಿದರೆ ದಾನಪತ್ರ ಮಾಡಬಹುದು, ಮನೆಯ ಮೇಲಂತಸ್ತು ಬರೆಯಬಹುದು, ಮಾಗಡಿಯದನ್ನು ಪೂರ್ತಿ ನಿನಗೆ ಬಿಡಬಹುದು, ವರ್ಷಕ್ಕಿಷ್ಟು ಅಂತ ದುಡ್ಡು ಕೊಡಬಹುದು. ವಿಲ್ಲು ಅವನನ್ನು ತಡೆಯುವುದಿಲ್ಲ. ಬಂದದ್ದು ಅವನದಾದ ಮೇಲೆ ಕೊಡುವುದೂ ಅವನ ಇಷ್ಟವೇ. ಆದರೆ ಸಮನ್ಸು ಕೈಗೆ ಬಂದ ಮನುಷ್ಯ ಆಮೇಲೆ ವಕೀಲರ ಬಾಯಿಂದಲೇ ಮಾತಾಡುತ್ತಾನೆ. ನೀನು ಇನ್ನೂ ಅವನನ್ನು ಒಂದು ಸಲವೂ ಕೇಳಿಲ್ಲ. ನೀನು ಕೇಳಿದ್ದು ‘ನಿಂಗೊತ್ತಿತ್ತಾ?’ ಅಂತ, ಅವನು ‘ಗೊತ್ತಿತ್ತು’ ಅಂದ, ನೀನು ಫೋನಿಟ್ಟೆ. ಅದು ಕೇಳಿದ್ದಲ್ಲ ಕಣಮ್ಮ.

ಮೂರನೆಯವರು ಬೇಕೆನಿಸಿದರೆ ಅದಕ್ಕೂ ಜಾಗವಿದೆ. ಹೈಕೋರ್ಟಿನ ಆಶ್ರಯದಲ್ಲಿ 2007ರಿಂದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ, ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಅಲ್ಲಿ ಯಾರೂ ಕರಿಕೋಟು ಹಾಕಿಕೊಂಡು ಪಾಟೀಸವಾಲು ಮಾಡುವುದಿಲ್ಲ. ಕೋರ್ಟಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಅಲ್ಲಿ ಮೇಜಿನ ಮೇಲೆ ಇಡಬಹುದು. ಅಳಬಹುದು ಕೂಡ, ಅದಕ್ಕೆ ಮುಂದಿನ ದಿನಾಂಕ ಕೊಡುವುದಿಲ್ಲ.

ಇಷ್ಟು ಹೊತ್ತೂ ಪತ್ರ ಬರಹಗಾರ ಮಾತಾಡಿದ. ಈಗ ಹೇಳಬೇಕಾದದ್ದಕ್ಕೆ ಗಂಟಲು ಕಟ್ಟುತ್ತಿದೆ.

1993ರಲ್ಲಿ ನಿಮ್ಮ ತಾತ, ಅಂದರೆ ನಮ್ಮಪ್ಪ, ತೀರಿಕೊಂಡರು. ವಿಲ್ಲು ಬರೆದಿರಲಿಲ್ಲ. ನಿಮ್ಮಮ್ಮನಿಗೆ ಮದುವೆಯಾಗಿ ಎಂಟು ವರ್ಷ, ನೀನು ಕೈಗೂಸು. ತಿಥಿ ಮುಗಿದು ನೆಂಟರೆಲ್ಲ ಹೋದ ಮರುದಿನ ನಾನು ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ. ಹಕ್ಕು ಖುಲಾಸೆ ಪತ್ರ ಹಿಂದಿನ ರಾತ್ರಿಯೇ ನಾನೇ ಬರೆದಿಟ್ಟಿದ್ದೆ. ‘ಅರಿಶಿನ ಕುಂಕುಮಕ್ಕೆಂದು ಪಡೆದು ಸಂತೋಷದಿಂದ ಹಕ್ಕು ಬಿಟ್ಟಿರುತ್ತೇನೆ’ ಅಂತ. ಅವಳು ಓದಲಿಲ್ಲ. ‘ಎಲ್ಲಿ ಅಣ್ಣಯ್ಯ?’ ಅಂದಳು, ತೋರಿಸಿದ ಕಡೆ ಸಹಿ ಹಾಕಿದಳು, ನಿನ್ನನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. ಒಂದು ರೇಷ್ಮೆ ಸೀರೆ ಕೊಟ್ಟೆ. ಮರುವರ್ಷ, 1994ರ ಜುಲೈ 30ರಿಂದ, ಕರ್ನಾಟಕ ಸರ್ಕಾರದ ಹೊಸ ತಿದ್ದುಪಡಿ ಜಾರಿಗೆ ಬಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು. ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಅಂತ ಅದರಲ್ಲೇ ಬರೆದಿತ್ತು. ನಾನು ಆ ಸಾಲನ್ನು ಓದಿ ‘ಸದ್ಯ’ ಅಂದುಕೊಂಡೆ. ಯಾಕೆ ಅಂದುಕೊಳ್ಳಬೇಕಿತ್ತು? 1956ರ ಮೂಲ ಕಾಯ್ದೆಯಲ್ಲೇ ಅಪ್ಪನ ಭಾಗದಲ್ಲಿ ಅವಳಿಗೂ ಒಂದು ಪಾಲಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಅಲ್ಲವೇ ಖುಲಾಸೆ ಪತ್ರ ಬರೆದದ್ದು! ಹಕ್ಕೇ ಇಲ್ಲದವಳಿಂದ ಯಾರೂ ಹಕ್ಕು ಬಿಡಿಸಿಕೊಳ್ಳುವುದಿಲ್ಲ.

ನಮ್ಮಪ್ಪನ ಜಮೀನಿನಲ್ಲಿ ಒಂದು ಭಾಗ ಬೊಮ್ಮಸಂದ್ರದ ಕಡೆ ಲೇಔಟಿಗೆ ಹೋಯಿತು. ಅದರಿಂದಲೇ ನಾನು ಈ ಮನೆ ಕಟ್ಟಿದ್ದು. ನಿಮ್ಮಮ್ಮ ಗೃಹಪ್ರವೇಶಕ್ಕೆ ಬಂದು ಹೊಸ್ತಿಲಿಗೆ ಅರಿಶಿನ ಹಚ್ಚಿದಳು.

ನಿಮ್ಮಪ್ಪ ಊರಿನವರಿಗೆಲ್ಲ ವಿಲ್ಲು ಬರೆದ ನನ್ನನ್ನು ಬಿಟ್ಟು ಪೀಣ್ಯದಲ್ಲಿ ಬೇರೆ ಯಾರ ಕೈಯಲ್ಲೋ ಬರೆಸಿದ್ದು ತಿಳಿದಾಗ ನನಗೆ ಬೇಜಾರಾಗಿತ್ತು. ಒಂದು ಸಂಜೆ ಕೇಳಿಯೇಬಿಟ್ಟೆ, ‘ಪುಟ್ಟಿಗೆ ಏನು ಮಾಡಿದಿರಿ?’ ಅಂತ. ಅವರು ಬಟ್ಟೆಯಲ್ಲಿ ಕೈಯ ಆಯಿಲ್ ಒರೆಸಿಕೊಳ್ಳುತ್ತಾ, ನಗುತ್ತಲೇ ಹೇಳಿದರು: ‘ನೀವು ನಿಮ್ಮ ತಂಗಿಗೆ ಎಷ್ಟು ಕೊಟ್ರೋ, ನಾನೂ ನನ್ನ ಮಗಳಿಗೆ ಅಷ್ಟೇ ಕೊಟ್ಟಿದ್ದೀನಿ, ಭಾವ.’

ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಎತ್ತುವ ಬಾಯಿ ಎಲ್ಲಿತ್ತು? ಅವರು ಬದುಕಿದ್ದಾಗ ಬದಲಾಯಿಸಬಹುದಿತ್ತು. ವಿಲ್ಲನ್ನು ಬರೆದವರು ಯಾವಾಗ ಬೇಕಾದರೂ ಹರಿದು ಇನ್ನೊಂದು ಬರೆಯಬಹುದು, ಕೊನೆಯದೇ ನಿಲ್ಲುತ್ತದೆ. ನಾನು ನಿಮ್ಮಮ್ಮನ ಪಾಲು ಕೊಟ್ಟಿದ್ದರೆ, ಅವತ್ತೇ ಕೂತು ‘ನಾನು ತಪ್ಪು ಮಾಡಿದೆ, ನೀವು ಮಾಡಬೇಡಿ’ ಅಂದಿದ್ದರೆ, ಅವರು ಕೇಳುತ್ತಿದ್ದರೋ ಏನೋ. ಕಾನೂನಿನ ಪ್ರಕಾರ ಆ 1993ರ ಪತ್ರವನ್ನು ಈಗ ಯಾರೂ ಅಲುಗಾಡಿಸಲಾರರು. ಪತ್ರ ರದ್ದು ಮಾಡಿಸುವ ಮೂರು ವರ್ಷದ ಗಡುವು ನೀನು ಅಂಗನವಾಡಿಗೆ ಹೋಗುವಾಗಲೇ ಮುಗಿದಿತ್ತು. ಸಿಂಧು ಅಂದರೆ ಸಿಂಧು. ನಾನು ಅಷ್ಟು ಚೆನ್ನಾಗಿ ಬರೆದಿದ್ದೆ.

ಹಾಗಾಗಿ ‘ತವರು ಕೆಡುತ್ತೆ, ಸುಮ್ಮನಿರು’ ಅಂತ ಹೇಳುವ ಯೋಗ್ಯತೆ ನನಗಿಲ್ಲ, ಹೇಳುವುದೂ ಇಲ್ಲ. ಮಾಗಡಿಯ ಹಕ್ಕನ್ನು ಯಾರಿಗೂ ಬಿಡಬೇಡ, ಸೀರೆಗೂ ಬಿಡಬೇಡ, ಕಣ್ಣೀರಿಗೂ ಬಿಡಬೇಡ. ಬೇಕಾದರೆ ಅದಕ್ಕೆ ದಾವೆ ಹಾಕು, ನಾನೇ ವಂಶವೃಕ್ಷ, ಪಹಣಿ ಎಲ್ಲ ತೆಗೆಸಿಕೊಡುತ್ತೇನೆ. ಶೆಡ್ಡಿಗೆ, ಮನೆಗೆ ಅಪ್ಪನನ್ನು ಹುಚ್ಚ ಅಂತ ಬರೆದು ಸಹಿ ಹಾಕಬೇಡ.

ಬಿಡುವಾದಾಗ ನಿನ್ನದನ್ನೂ ಬರೆದಿಡು. ಕಾಡುಗೋಡಿಯ ಫ್ಲಾಟು, ಕಂಪನಿಯ ಷೇರು. ನಾಮಿನಿ ಹಾಕಿದ್ದೀನಲ್ಲ ಅನ್ನಬೇಡ, ಷೇರಿಗೆ ನಾಮಿನಿ ಆದವರು ಅದರ ಒಡೆಯರಾಗುವುದಿಲ್ಲ, 2023ರಲ್ಲೂ ಸುಪ್ರೀಂ ಕೋರ್ಟು ಅದನ್ನೇ ಹೇಳಿದೆ. ಬರೆದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡ. ಮಕ್ಕಳು ಓದುವ ವಯಸ್ಸಿಗೆ ಬಂದಾಗ ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳು. ಜಗಳವಾದರೆ ನಿನ್ನ ಕಣ್ಣೆದುರೇ ಆಗಲಿ, ಉತ್ತರ ಕೊಡಲು ನೀನಿರುತ್ತೀಯ.

ಸೋಮವಾರಕ್ಕೆ ಮುಂಚೆ ಭಾನುವಾರ ಇದೆ. ನಾನು ಬೊಮ್ಮಸಂದ್ರದಿಂದ ಹಳದಿ ಮೆಟ್ರೋ ಹಿಡಿದು ಆರ್.ವಿ. ರಸ್ತೆಯಲ್ಲಿ ಹಸಿರಿಗೆ ಬದಲಾಯಿಸಿ ದಾಸರಹಳ್ಳಿಗೆ ಬರುತ್ತೇನೆ. ನೀನು ಕಾಡುಗೋಡಿಯಲ್ಲಿ ನೇರಳೆ ಹತ್ತಿದರೆ ಮೆಜೆಸ್ಟಿಕ್ಕಿನಲ್ಲಿ ಅದೇ ಹಸಿರು ಸಿಗುತ್ತದೆ. ನಿನ್ನಣ್ಣನಿಗೆ ನಾನೇ 'ಶೆಡ್ಡಿಗೆ ಹೋಗಬೇಡ, ಮನೆಯಲ್ಲಿರು' ಅಂತ ಹೇಳಿದ್ದೇನೆ. ನೀನು ವಿಲ್ಲಿನ ನಾಲ್ಕು ಪುಟ ತಾ. ನಾನು ನನ್ನ ಕೈಬರಹದ ಎರಡು ಪುಟ ತರುತ್ತೇನೆ, 1993ರದು. ನಿಮ್ಮಮ್ಮ ಅದನ್ನು ಇಲ್ಲಿಯ ತನಕ ಓದಿಲ್ಲ. ಮೊದಲು ಅವಳು ಓದಲಿ. ಅವಳ ಮುಂದೆ ಇಡುವುದಕ್ಕೆ ಇನ್ನೊಂದು ಕಾಗದವನ್ನೂ ಬರೆದು ಮುಗಿಸಿದ್ದೇನೆ, ಈ ಸಲ ನನ್ನ ಮನೆಯ ಹಿಂದಿನ ಸೈಟಿಗೆ ಸಂಬಂಧಪಟ್ಟದ್ದು, ಸಾಕ್ಷಿಗಳ ಜಾಗ ಖಾಲಿ ಬಿಟ್ಟಿದೆ.

ಅವರೇಕಾಯಿ ಸಿಕ್ಕರೆ ಎರಡು ಕೆಜಿ ತರುತ್ತೇನೆ ಅಂತ ಅಮ್ಮನಿಗೆ ಹೇಳು. ಹಿತುಕುವುದಕ್ಕೆ ನೀವಿಬ್ಬರೂ ಕೂರಬೇಕು, ನಿನ್ನಣ್ಣನೂ ನೀನೂ.

ನಿನ್ನ ಮಾವ